ಉತ್ತರ ಗೊತ್ತು, ಹಕ್ಕಿ ಗೊತ್ತಿಲ್ಲ!

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರನ್ನು ಕೇಳಿ ನೋಡಿ: ಬಾಂಗ್ಲಾದೇಶದ ರಾಷ್ಟ್ರಪಕ್ಷಿ ಯಾವುದು? ‘ದೋಯೆಲ್, ಅಂದರೆ ಮ್ಯಾಗ್‌ಪೈ ರಾಬಿನ್’ ಎಂದು ಥಟ್ಟನೆ ಹೇಳುತ್ತಾರೆ. ಅದೇ ಹಕ್ಕಿ ಪಿ.ಜಿ. ಟೆರೇಸಿನ ಮೇಲೆ ಕೂತು ಹಾಡುತ್ತಿದ್ದರೆ ಗುರುತಿಸುವವರು ಎಷ್ಟು ಮಂದಿ? ಕನ್ನಡದಲ್ಲಿ ಅದು ಮಡಿವಾಳ ಹಕ್ಕಿ. ನಮ್ಮ ಹಿತ್ತಲು, ಕಾಲೇಜು ಆವರಣಗಳ ಖಾಯಂ ನಿವಾಸಿ.

ಗುರುತಿಸುವುದು ಕಷ್ಟವೇನಲ್ಲ. ಗುಬ್ಬಿಗಿಂತ ದೊಡ್ಡದು, ಮೈನಾಗಿಂತ ಚಿಕ್ಕದು. ಗಂಡಿನ ತಲೆ, ಎದೆ, ಬೆನ್ನು ಹೊಳೆಯುವ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಮೇಲೆ ಉದ್ದನೆಯ ಬಿಳಿ ಪಟ್ಟಿ. ಹೆಣ್ಣಿಗೆ ಕಪ್ಪಿನ ಬದಲು ಬೂದು ಬಣ್ಣ. ಇದನ್ನೇ ಹೋಲುವ ಚಿಟ್ಟು ಮಡಿವಾಳದ ಗಂಡೂ ಕಪ್ಪೇ. ಆದರೆ ಅದರ ಹೊಟ್ಟೆ ಬಿಳಿಯಲ್ಲ, ಬಾಲದ ಬುಡದಡಿ ಇಟ್ಟಿಗೆ ಬಣ್ಣವಿರುತ್ತದೆ.

ಇನ್ನು ನಡವಳಿಕೆ. ಮಡಿವಾಳ ನೆಲದ ಮೇಲೆ ಕುಪ್ಪಳಿಸುತ್ತ ಹುಳು ಹೆಕ್ಕುತ್ತದೆ, ಆಗಾಗ ಬಾಲ ನಿಮಿರಿಸುತ್ತದೆ. ಬೇಸಿಗೆಯಲ್ಲಿ ನಸುಕಿಗೇ ಗಂಡು ಮರದ ತುದಿ, ಕಂಬ ಏರಿ ಇಂಪಾಗಿ ಸಿಳ್ಳೆ ಹಾಕುತ್ತದೆ. ಬೆದರಿದರೆ ಮಾತ್ರ ‘ಚರ್ರ್’ ಎಂಬ ಒರಟು ದನಿ.

ಸದ್ದು ಕೇಳಿಸಿದರೆ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್ ಇರುವಾಗ ಇದೆಲ್ಲ ಏಕೆ ಎನ್ನಬಹುದು. ಆ್ಯಪ್ ಬೇಡ ಎಂದಲ್ಲ. ಆದರೆ ಮಡಿವಾಳ ಬೇರೆ ಹಕ್ಕಿಗಳ ದನಿಯನ್ನೂ ಅನುಕರಿಸುತ್ತದೆ. ಕಿವಿಯೊಂದನ್ನೇ ನಂಬಿದರೆ ಎಡವಬಹುದು. ರೂಪ, ನಡವಳಿಕೆ, ದನಿ ಮೂರೂ ತಾಳೆಯಾದಾಗಲೇ ಉತ್ತರ ಗಟ್ಟಿ. ಸಿದ್ಧ ಉತ್ತರ ಉರು ಹೊಡೆಯುವ ನಮಗೆ ಬೇಕಿರುವುದು ಹೀಗೆ ಪರೀಕ್ಷಿಸಿ ನೋಡುವ ಈ ಅಭ್ಯಾಸವೇ.

ಇದು ಬರೀ ಹವ್ಯಾಸದ ಮಾತಲ್ಲ. ಸಿಂಗಪುರದಲ್ಲಿ ಒಂದು ಕಾಲಕ್ಕೆ ಎಲ್ಲೆಡೆ ಇದ್ದ ಈ ಹಕ್ಕಿ, ಹಾಡಿನ ಆಸೆಗೆ ಹಿಡಿದು ಪಂಜರಕ್ಕೆ ಹಾಕಿದವರಿಂದಾಗಿ ಬಹುತೇಕ ಕಣ್ಮರೆಯಾಗಿತ್ತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನಿಜ. ಆದರೆ ಹೆಸರೇ ಗೊತ್ತಿಲ್ಲದ ಹಕ್ಕಿ ನಮ್ಮ ಕ್ಯಾಂಪಸ್ಸಿನಿಂದ ಮಾಯವಾದರೆ ದೂರು ಕೊಡುವವರು ಯಾರು?

ಪ್ರತಿ ಫೆಬ್ರುವರಿಯಲ್ಲಿ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಕನಿಷ್ಠ 15 ನಿಮಿಷ ಹಕ್ಕಿಗಳನ್ನು ನೋಡಿ ಪಟ್ಟಿ ಕೊಟ್ಟರೆ ಸಾಕು, ಯಾರು ಬೇಕಾದರೂ ಭಾಗವಹಿಸಬಹುದು. ಶುಲ್ಕವಿಲ್ಲ, ಕಟ್‌ಆಫ್ ಇಲ್ಲ. ಓದಲು ಬೇಗ ಏಳುವವರಿಗಂತೂ ಅರ್ಧ ಕೆಲಸ ಆದಂತೆಯೇ. ಪುಸ್ತಕ ತೆರೆಯುವ ಮುನ್ನ ಕಿಟಕಿ ತೆರೆದರಾಯಿತು.