ಬರ್ಫಿಯ ತಟ್ಟೆಗೊಂದು ಚೀಟಿ

ಬರ್ಫಿ ತಿಂದ ಮಗುವಿನ ಮೈಮೇಲೆ ಗಂಧೆಗಳೆದ್ದರೆ ಹಿರಿಯರು ಪಿತ್ತವನ್ನು ದೂರುತ್ತಾರೆ, ಓದಿದವರು ಬಣ್ಣವನ್ನು. ಟಾರ್ಟ್ರಜೀನ್ ಎಂಬ ಹಳದಿ ಬಣ್ಣವು ಕೆಲವರಿಗೆ ಒಗ್ಗದೆಂಬುದು ನಿಜ. ಆದರೆ ಅಂಥವರು ವಿರಳ. ಮೊದಲು ಶಂಕಿಸಬೇಕಾದುದು ಪುಷ್ಟಿಕರವೆಂದು ನಾವು ಆದರಿಸುವ ಹಾಲು, ಗೋಡಂಬಿ, ಕಡಲೆಕಾಯಿಗಳನ್ನೇ. ಇವುಗಳಲ್ಲಿನ ಪ್ರೋಟೀನನ್ನು ಶತ್ರುವೆಂದು ಭ್ರಮಿಸಿದ ದೇಹವು ಹಿಸ್ಟಮೀನ್ ಮುಂತಾದ ದ್ರವ್ಯಗಳನ್ನು ಸುರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ತುಟಿ ಊದೀತು, ಉಸಿರೂ ಕಟ್ಟೀತು. ಆಗ ಮನೆಮದ್ದು ಅರೆಯುತ್ತ ಕೂರದೆ ಮಗುವನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು. ಬರ್ಫಿಯಲ್ಲಿ ಏನಿತ್ತೆಂದು ವೈದ್ಯರು ಕೇಳಿದರೆ ತಾಯಿ ಏನು ಹೇಳಿಯಾಳು? ಗೋಡಂಬಿಯೊಡನೆ ಕಡಲೆಕಾಯಿಯನ್ನು ಅರೆದು ಬೆರೆಸುವ ಜಾಣರೂ ಉಂಟಷ್ಟೆ! ಬಿಡಿ ಸಿಹಿತಿಂಡಿಯನ್ನು ಯಾವ ದಿನದೊಳಗೆ ತಿನ್ನಬೇಕೆಂಬುದನ್ನು ತಟ್ಟೆಯ ಬಳಿ ಬರೆದಿಡಬೇಕೆಂದು ನಮ್ಮ ದೇಶದಲ್ಲಿ 2020ರ ಅಕ್ಟೋಬರ್ 1ರಿಂದ ನಿಯಮವಾಯಿತು. ಆ ಚೀಟಿಯಲ್ಲೇ ಬೆರೆತ ಪದಾರ್ಥಗಳ ಹೆಸರನ್ನೂ ಬರೆಯಲು ಅಂಗಡಿಯವರಿಗೆ ಏನಡ್ಡಿ?