ಟಾಟಾ ಇನ್‌ಸ್ಟಿಟ್ಯೂಟ್ ಬೇಕು, ಬಿಎಸ್ಸಿ ಬೇಡ!



ಕಳೆದ ಜೂನ್‌ನ ಒಂದು ಭಾನುವಾರ ಬಲಿಪೂಜೆಯ ನಂತರ ನಮ್ಮ ಚರ್ಚ್ ಹಾಲ್‌ನಲ್ಲಿ ಪ್ರತಿಭಾ ಪುರಸ್ಕಾರ ಇತ್ತು. ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಪಾಸಾದ ಮಕ್ಕಳಿಗೆ ಶಾಲು, ಫಲಕ, ಒಂದು ಲಕೋಟೆ. ಮಾತನಾಡಲು ಬಂದ ಹಿರಿಯರೊಬ್ಬರು, "ನಮ್ಮ ಮಕ್ಕಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಂಥ ಕಡೆಗೆ ಹೋಗಬೇಕು, ಅದು ದೇಶಕ್ಕೇ ನಂಬರ್ ವನ್" ಎಂದರು. ಚೆನ್ನಾಗಿ ಚಪ್ಪಾಳೆ ಬಿತ್ತು.

ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ, ಫುಲ್ ಎ ಪ್ಲಸ್ ತೆಗೆದ ಹುಡುಗಿಯೊಬ್ಬಳನ್ನು ಅವರೇ ಕರೆದು ಕೇಳಿದರು: "ಮುಂದೆ ಎಂತ?"

"ಬಿಎಸ್ಸಿ ಫಿಸಿಕ್ಸ್, ಅಂಕಲ್."

"ಬಿಎಸ್ಸಿಯಾ? ಇಷ್ಟು ಮಾರ್ಕ್ ತೆಗೆದು ಬಿಎಸ್ಸಿ ಎಂತಕ್ಕೆ ಮಗಳೇ?"

ಸಮೋಸ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ ನಾನೂ ಬಿಎಸ್ಸಿ. ಏನೂ ಹೇಳಲಿಲ್ಲ. ಹೇಳಬೇಕಿತ್ತು. ಆ ದಿನ ನುಂಗಿದ ಮಾತನ್ನು ಈಗ ಬರೆಯುತ್ತಿದ್ದೇನೆ. ಅಂಕಲ್ ಇದನ್ನು ಓದಿದರೆ ಬೇಸರ ಮಾಡಿಕೊಳ್ಳಬಾರದು, ಅವರು ನಮ್ಮ ಮಕ್ಕಳ ಒಳ್ಳೆಯದನ್ನು ಬಯಸುವವರೇ.

ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಹೇಳುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಐಐಎಸ್ಸಿಗೆ. ಅಲ್ಲಿ ಪ್ಲಸ್ ಟು ಮುಗಿಸಿದವರು ಸೇರಬಹುದಾದ ನಾಲ್ಕು ವರ್ಷದ ಕೋರ್ಸ್ 2011ರಲ್ಲಿ ಶುರುವಾಯಿತು. ಆ ಪದವಿಯ ಹೆಸರು ಏನು ಗೊತ್ತೇ? ಬ್ಯಾಚುಲರ್ ಆಫ್ ಸೈನ್ಸ್, ರಿಸರ್ಚ್. ಅಂದರೆ ಬಿಎಸ್ಸಿಯೇ! ನಾವು ವೇದಿಕೆಯಲ್ಲಿ ಹೊಗಳುವುದನ್ನೇ ಚಹಾದ ಹೊತ್ತಿಗೆ ತೆಗಳುತ್ತೇವೆ. ಹೆಸರು ಬೇಕು, ಆ ಹೆಸರು ಬಂದ ದಾರಿ ಬೇಡ.

ನಂಬರ್ ವನ್ ಎನ್ನುವ ಮಾತು ಸುಳ್ಳಲ್ಲ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಲ್ಲಿ ಆರಂಭವಾದಾಗಿನಿಂದ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಈ ಸಂಸ್ಥೆಯೇ ಮೊದಲು. ಆದರೆ 2022ರ ಕ್ಯೂಎಸ್ ಜಾಗತಿಕ ಪಟ್ಟಿಯನ್ನು ನೋಡಿ. ಅದರಲ್ಲಿ ಐಐಎಸ್ಸಿಯ ಸ್ಥಾನ 186. ಅದೇ ಪಟ್ಟಿಯೊಳಗೆ, ಒಬ್ಬೊಬ್ಬ ಅಧ್ಯಾಪಕರ ಸಂಶೋಧನೆಯನ್ನು ಬೇರೆ ವಿಜ್ಞಾನಿಗಳು ಎಷ್ಟು ಬಳಸಿದ್ದಾರೆ ಎಂಬ ಲೆಕ್ಕದಲ್ಲಿ ಮಾತ್ರ 100ಕ್ಕೆ 100, ಇಡೀ ಜಗತ್ತಿಗೇ ಮೊದಲು! ಒಂದೇ ಸಂಸ್ಥೆ, ಒಂದೇ ವರ್ಷ, ಒಂದೇ ಪಟ್ಟಿ. ಇದು ಹೇಗೆ? ಆಗ ಆ ಪಟ್ಟಿಯಲ್ಲಿ 100ರಲ್ಲಿ 40 ಅಂಕ ಇದ್ದದ್ದು ಪ್ರತಿಷ್ಠೆಗೆ, ಅಂದರೆ ಬೇರೆ ಕಡೆಯ ಪ್ರಾಧ್ಯಾಪಕರನ್ನು ಕೇಳಿ ಪಡೆದ ಅಭಿಪ್ರಾಯಕ್ಕೆ. ವಿದೇಶಿ ವಿದ್ಯಾರ್ಥಿಗಳು, ವಿದೇಶಿ ಅಧ್ಯಾಪಕರು ಎಷ್ಟಿದ್ದಾರೆ ಎನ್ನುವುದಕ್ಕೂ ಅಂಕ. ಪಟ್ಟಿ ಮಾಡುವವರು ಯಾವುದಕ್ಕೆ ಎಷ್ಟು ಅಂಕ ಇಡುತ್ತಾರೋ ಹಾಗೆ ನಂಬರ್ ಬರುತ್ತದೆ. ನಮ್ಮ ಮಕ್ಕಳ ಎ ಪ್ಲಸ್ ಕೂಡ ಸ್ವಲ್ಪ ಹಾಗೆಯೇ ಅಲ್ಲವೇ?

ಹಾಗಾದರೆ ಈ ಹೆಸರು ಎಲ್ಲಿಂದ ಬಂತು? ಆತುರದಿಂದ ಅಂತೂ ಬರಲಿಲ್ಲ. ಜೆಮ್‌ಸೆಟ್‌ಜಿ ಟಾಟಾ ಅವರ ಯೋಜನೆಯನ್ನು ವೈಸರಾಯ್ ಕರ್ಜನ್ ಮುಂದೆ ಇಟ್ಟದ್ದು 1898ರ ಕೊನೆಯ ದಿನ. ಟಾಟಾ 1904ರಲ್ಲಿ ತೀರಿಕೊಂಡರು, ಒಂದು ಕಲ್ಲು ಇಟ್ಟದ್ದನ್ನೂ ನೋಡಲಿಲ್ಲ. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಸಂಸ್ಥೆ ಅಧಿಕೃತವಾಯಿತು, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ.

ಹೆಸರಿನ ಒಳಗೆ ತಪ್ಪೂ ಇದೆ, ಅದನ್ನು ಮುಚ್ಚಿಡಬಾರದು. 1933ರಲ್ಲಿ ಮುಂಬೈಯಿಂದ ಬಿಎಸ್ಸಿಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಎಂಬ ಹುಡುಗಿಗೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಸೀಟು ಕೊಡಲಿಲ್ಲ, ಹೆಣ್ಣು ಎಂಬ ಕಾರಣಕ್ಕೆ. ನೊಬೆಲ್ ಬಂದ ರಾಮನ್! ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಲಿ ಎಂದು ಒಪ್ಪಿದರು. ಅವಳ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದವರು ಅವರೇ.

ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ನಮ್ಮ ಕೇರಳದ ಒಬ್ಬರಿದ್ದಾರೆ. ಅನ್ನಾ ಮಣಿ. ಪೀರುಮೇಡಿನ ಸಿರಿಯನ್ ಕ್ರೈಸ್ತ ಕುಟುಂಬದಲ್ಲಿ 1918ರಲ್ಲಿ ಹುಟ್ಟಿದವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ವಾಡಿಕೆಯಂತೆ ವಜ್ರದ ಓಲೆ ಕೊಡಲು ಬಂದರೆ, ಅದು ಬೇಡ, ಎನ್‌ಸೈಕ್ಲೋಪೀಡಿಯ ಬ್ರಿಟಾನಿಕಾ ಕೊಡಿ ಎಂದವರು. (ನಮ್ಮ ಮನೆಗಳಲ್ಲಿ ಎಂಟು ವರ್ಷದ ಹುಡುಗಿ ಹೀಗೆ ಕೇಳಿದರೆ ಅಜ್ಜಿ ಏನು ಹೇಳುತ್ತಿದ್ದರೋ!) ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿಎಸ್ಸಿ ಆನರ್ಸ್ ಮುಗಿಸಿ 1940ರಲ್ಲಿ ಸ್ಕಾಲರ್‌ಶಿಪ್ ಮೇಲೆ ಐಐಎಸ್ಸಿಗೆ ಬಂದು ರಾಮನ್ ಅವರ ಕೈಕೆಳಗೆ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಬಗ್ಗೆ ಕೆಲಸ ಮಾಡಿದರು. ಓಲೆ ಬೇಡ ಎಂದ ಹುಡುಗಿಯ ಕೈಗೆ ಕೊನೆಗೂ ವಜ್ರ ಬಂತು. ಒಂದೊಂದು ಫೋಟೊ ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಿಸಿ ಕಾಯಬೇಕಿತ್ತು. ಐದು ಸಂಶೋಧನಾ ಲೇಖನಗಳು ಪ್ರಕಟವಾದವು.

1945ರಲ್ಲಿ ಪ್ರಬಂಧ ಸಲ್ಲಿಸಿದರು. ಪದವಿ ಕೊಡಬೇಕಾಗಿದ್ದ ಮದ್ರಾಸ್ ವಿಶ್ವವಿದ್ಯಾಲಯ, ಎಂಎಸ್ಸಿ ಇಲ್ಲ ಎಂದು ಪಿಎಚ್‌ಡಿ ಕೊಡಲಿಲ್ಲ. ಅಲ್ಲಿಗೆ ಮುಗಿಯಿತು ಎಂದು ಅವರು ಕೂರಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನ ಅಳೆಯುವ ಉಪಕರಣಗಳ ಬಗ್ಗೆ ಕಲಿತು, 1948ರಲ್ಲಿ ಭಾರತೀಯ ಹವಾಮಾನ ಇಲಾಖೆ ಸೇರಿದರು. ಉಪಕರಣಗಳನ್ನು ಹೊರದೇಶದಿಂದ ತರಿಸುತ್ತಿದ್ದ ಕಾಲ ಅದು. ಅನ್ನಾ ಮಣಿ ಸುಮಾರು ನೂರು ಉಪಕರಣಗಳ ನಕ್ಷೆ ಸಿದ್ಧಪಡಿಸಿ ಇಲ್ಲೇ ತಯಾರಾಗುವಂತೆ ಮಾಡಿದರು. ತುಂಬಾದಲ್ಲಿ ಮಗ್ದಲದ ಮರಿಯಳ ಚರ್ಚನ್ನು ಮೀನುಗಾರರು ರಾಕೆಟ್ ಕೇಂದ್ರಕ್ಕೆ ಬಿಟ್ಟುಕೊಟ್ಟ ಕಥೆ ನಮಗೆಲ್ಲ ಗೊತ್ತು. ಅದೇ ಕೇಂದ್ರದಲ್ಲಿ ಹವಾಮಾನ ಅಳೆಯುವ ಗೋಪುರ ನಿಲ್ಲಿಸಿದವರು ಇವರು. ಆ ಕಥೆ ನಾವು ಹೇಳುವುದಿಲ್ಲ. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದಾಗಲೂ ಅವರ ಹೆಸರಿನ ಮುಂದೆ ಪಿಎಚ್‌ಡಿ ಇರಲಿಲ್ಲ.

ಕ್ರೈಸ್ತ ಮನೆಯವರು ಎಂದು ಹೆಮ್ಮೆ ಪಡಲಿಕ್ಕೆ ಇದನ್ನು ಹೇಳಿದ್ದಲ್ಲ. ನಾವು ಕೈ ತಟ್ಟುವ ಆ ಹೆಸರು ಇಂಥವರ ರಾತ್ರಿಗಳಿಂದ ಆದದ್ದು, ಅದಕ್ಕಾಗಿ ಹೇಳಿದೆ.

ಈಗ ಹೆತ್ತವರ ಕಡೆಯ ಮಾತು. ಬಿಎಸ್ಸಿ ಮಾಡಿ ಕೆಲಸ ಸಿಗುವುದು ಕಷ್ಟ, ನಿಜ. ನಾನೇ ಅನುಭವಿಸಿದ್ದೇನೆ. ನಮ್ಮ ಊರಿನ ಎಷ್ಟೋ ಮನೆಗಳು ಎದ್ದು ನಿಂತದ್ದು ಅಕ್ಕಂದಿರು ನರ್ಸಿಂಗ್ ಕಲಿತು ಗಲ್ಫ್‌ನಲ್ಲಿ ರಾತ್ರಿ ಡ್ಯೂಟಿ ಮಾಡಿದ್ದರಿಂದ. ಅವರ ಬಗ್ಗೆ ನನಗೆ ಗೌರವ ಬಿಟ್ಟು ಬೇರೆ ಏನೂ ಇಲ್ಲ. ಅಡಿಕೆ ತೋಟದ ಆದಾಯದಲ್ಲಿ ಮೂರು ಮಕ್ಕಳನ್ನು ಓದಿಸುವ ಅಪ್ಪನಿಗೆ ಹೆದರಿಕೆ ಆಗುವುದು ಸಹಜ. ಆದರೆ ಯಜಮಾನ ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿ ನೆನಪಿದೆಯಲ್ಲ, ಅವನು ಹೂತಿಟ್ಟದ್ದೂ ಹೆದರಿಯೇ. ಅದೇ ಸಾಮತಿಯಲ್ಲಿ ನಾನು ಬಹಳ ದಿನ ಗಮನಿಸದೇ ಹೋದ ಇನ್ನೊಂದು ವಿಷಯವಿದೆ: ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನ ಆಡಿದ್ದು ಒಂದೇ ಹೊಗಳಿಕೆಯ ಮಾತು. ನಾವು ಕೊಡುವ ಫಲಕಗಳಲ್ಲಿ ಪ್ರಥಮ, ದ್ವಿತೀಯ ಎಂದು ಬೇರೆ ಬೇರೆ ಸೈಜ್ ಇರುತ್ತದೆ.

ನಮ್ಮಲ್ಲಿ ಹಣಕ್ಕಿಂತ ಹೆಚ್ಚು ಕೊರತೆ ಇರುವುದು ಮಾಹಿತಿಗೆ. ನಾನು ಪ್ಲಸ್ ಟುನಲ್ಲಿ ಇದ್ದಾಗ ಐಐಎಸ್ಸಿಗೆ ಅರ್ಜಿ ಹಾಕಬಹುದು ಎಂದೇ ಗೊತ್ತಿರಲಿಲ್ಲ. ಅದು ದೊಡ್ಡವರು ಸಂಶೋಧನೆ ಮಾಡುವ ಜಾಗ ಎಂದುಕೊಂಡಿದ್ದೆ. ಅಲ್ಲಿ ಸೀಟು ಬಹಳ ಕಡಿಮೆ, ನಮ್ಮ ಧರ್ಮಕೇಂದ್ರದಿಂದ ಯಾರಿಗೂ ಸಿಗದೇ ಇರಬಹುದು. ಆದರೆ ತಿರುವನಂತಪುರದಲ್ಲಿ ಐಸರ್ ಇದೆ, ಅದರ ಪ್ರವೇಶ ಪರೀಕ್ಷೆ ಬೇರೆಯೇ ಇದೆ. ಸಾಮಾನ್ಯ ಕಾಲೇಜಿನಲ್ಲಿ ಬಿಎಸ್ಸಿ ಓದಿದರೂ, ಪ್ಲಸ್ ಟು ಬೋರ್ಡಿನಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ವರ್ಷಕ್ಕೆ 80,000 ರೂಪಾಯಿ. ಬಿಎಸ್ಸಿ ಓದುವಾಗಲೇ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ದೊಡ್ಡ ಲ್ಯಾಬ್‌ಗಳಲ್ಲಿ ಕೆಲಸ ಮಾಡಲು ಭಾರತೀಯ ವಿಜ್ಞಾನ ಅಕಾಡೆಮಿ ಫೆಲೋಶಿಪ್ ಕೊಡುತ್ತದೆ. ಇದು ನನಗೆ ತಿಳಿದದ್ದು ಫೈನಲ್ ಇಯರ್ ಮುಗಿದ ಮೇಲೆ.

ಅಷ್ಟೇಕೆ, ಕಾಸರಗೋಡಿನ ಸಿಪಿಸಿಆರ್‌ಐ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ನಮ್ಮ ತೋಟದ ಮಂಗಳಾ ಅಡಿಕೆ ತಳಿ ಅದೇ ಸಂಸ್ಥೆಯದ್ದು. ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುವ ನಮ್ಮಲ್ಲಿ ಎಷ್ಟು ಮಂದಿ ಒಳಗೆ ಹೋಗಿದ್ದೇವೆ?

ಐಐಎಸ್ಸಿಯಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ ಮಾರ್ಚ್ ಹೊತ್ತಿಗೆ, ಓಪನ್ ಡೇ ಇರುತ್ತದೆ. ಆ ದಿನ ಯಾರು ಬೇಕಾದರೂ ಹೋಗಿ ಲ್ಯಾಬ್ ನೋಡಬಹುದು, ಸಂಶೋಧನೆ ಮಾಡುವವರನ್ನೇ ಪ್ರಶ್ನೆ ಕೇಳಬಹುದು. ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಯಶವಂತಪುರ, ಅಲ್ಲಿಂದ ಕ್ಯಾಂಪಸ್ ಹತ್ತಿರವೇ. ಈ ಸಲದ ಯುವಜನರ ಪಿಕ್‌ನಿಕ್ ವಾಟರ್ ಪಾರ್ಕ್‌ಗೆ ಬೇಡ, ಅಲ್ಲಿಗೆ ಮಾಡೋಣ ಎಂದು ಫಾದರ್ ಹತ್ತಿರ ಕೇಳಿದ್ದೇನೆ. "ಎಷ್ಟು ಮಂದಿ ಬರ್ತಾರೆ ಮೊದಲು ನೋಡು" ಎಂದಿದ್ದಾರೆ. ಬರುವವರು ಎರಡನೇ ಪೂಜೆಯ ನಂತರ ನನಗೆ ಹೆಸರು ಕೊಡಿ. ಅಪ್ಪ ಅಮ್ಮನೂ ಬರಬಹುದು. ಫಿಸಿಕ್ಸ್ ಹುಡುಗಿ ಹೆಸರು ಕೊಟ್ಟಾಗಿದೆ, ಅಂಕಲ್ ಅವರನ್ನು ನಾನೇ ಹೋಗಿ ಕರೆಯುತ್ತೇನೆ.