ಐದು ವೈನರಿ, ಒಂದು ಬಸ್ಸು, ಮತ್ತು ಬಸ್ಸಿನಲ್ಲೇ ಕೂತವರು

ಮಾರ್ಚ್ ಹತ್ತಿರ ಬಂತು. ನಮ್ಮ ಮೆಲ್ಬರ್ನ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಮಾತು ಶುರುವಾಗಿದೆ: "ಈ ಸಲ ಮಾರ್ನಿಂಗ್ಟನ್‌ಗೆ ಬಸ್ಸು ಯಾವಾಗ?" ಎಕ್ಸೆಲ್ ಶೀಟ್ ಮಾಡೋದು ಯಾರು ಅಂತ ಮಾತ್ರ ಯಾರೂ ಕೇಳಲ್ಲ. ಸಾಫ್ಟ್‌ವೇರಿನವನು, ಮದುವೆ ಬೇರೆ ಆಗಿಲ್ಲ, ಶನಿವಾರ ಇವನಿಗೇನು ಕೆಲಸ ಅಂತ ಅದು ನನ್ನ ತಲೆಗೇ ಕಟ್ಟಿದ್ದು. :)

ಈ ಸಲವೂ ಮಾಡ್ತೀನಿ. ಆದರೆ ಹೋದ ವರ್ಷ ಮಾಡಿದ ಹಾಗೆ ಮಾಡಲ್ಲ. ಯಾಕೆ ಅಂತ ಗುಂಪಿನಲ್ಲಿ ತುಂಡು ತುಂಡಾಗಿ ಹೇಳಿ ಜಗಳ ಆಡೋ ಬದಲು ಇಲ್ಲೇ ಒಟ್ಟಿಗೆ ಬರೆದುಬಿಡ್ತೀನಿ. ಬೇರೆ ಊರಲ್ಲಿ ಇಂಥದ್ದೇ ಪ್ರವಾಸ ಹೊರಡಿಸುವ ನನ್ನಂಥ ಬಡಪಾಯಿಗಳಿಗೂ ಉಪಯೋಗಕ್ಕೆ ಬಂದೀತು.

ಗೊತ್ತಿಲ್ಲದವರಿಗೆ: ಮೆಲ್ಬರ್ನ್‌ನಿಂದ ದಕ್ಷಿಣಕ್ಕೆ ಬೂಟಿನ ಹಾಗೆ ಚಾಚಿಕೊಂಡ ಒಂದು ಪರ್ಯಾಯ ದ್ವೀಪ ಇದೆ. ಅದೇ ಮಾರ್ನಿಂಗ್ಟನ್ ಪೆನಿನ್ಸುಲಾ. ಒಂದು ಕಡೆ ಪೋರ್ಟ್ ಫಿಲಿಪ್ ಕೊಲ್ಲಿ, ಇನ್ನೊಂದು ಕಡೆ ವೆಸ್ಟರ್ನ್ ಪೋರ್ಟ್, ಕೆಳಗೆ ಬಾಸ್ ಜಲಸಂಧಿ. ಮೂರು ದಿಕ್ಕಿನಿಂದಲೂ ಸಮುದ್ರದ ಗಾಳಿ ಬೀಸೋದರಿಂದ ಬೇಸಿಗೆಯಲ್ಲೂ ತಂಪು. ಆ ತಂಪಿಗೇ ಪಿನೋ ನ್ವಾರ್, ಶಾರ್ಡೊನೆ ದ್ರಾಕ್ಷಿ ಇಲ್ಲಿ ಚೆನ್ನಾಗಿ ಬರುತ್ತೆ. 1970ರ ದಶಕದಲ್ಲಿ ಮತ್ತೆ ಬೇರೂರಿದ ದ್ರಾಕ್ಷಿ ಈಗ ರೆಡ್ ಹಿಲ್, ಮೇನ್ ರಿಡ್ಜ್ ಸುತ್ತಮುತ್ತ ಗುಡ್ಡದ ತುಂಬ ಹಬ್ಬಿದೆ. ಸಿಟಿಯಿಂದ ಅಲ್ಲಿಗೆ ಸುಮಾರು ಒಂದೂಕಾಲು ಗಂಟೆ ದಾರಿ. ನಮ್ಮವರು ಹೆಚ್ಚಾಗಿ ಇರೋದು ಪಶ್ಚಿಮದ ಟಾರ್ನೀಟ್, ಪಾಯಿಂಟ್ ಕುಕ್ ಕಡೆ. ವೆಸ್ಟ್ ಗೇಟ್ ಸೇತುವೆ ದಾಟಿ, ಮೊನಾಶ್ ಫ್ರೀವೇ, ಈಸ್ಟ್‌ಲಿಂಕ್, ಪೆನಿನ್ಸುಲಾ ಲಿಂಕ್ ಹಿಡಿದು ಹೋಗೋಕೆ ನಮಗೆ ಒಂದೂವರೆ ಗಂಟೆಗೆ ಕಡಿಮೆಯಿಲ್ಲ.

ಹೋದ ವರ್ಷದ ನನ್ನ ಪ್ಲಾನು ಹೀಗಿತ್ತು. 48 ಸೀಟಿನ ಬಸ್ಸು, 46 ಜನ. ಅದರಲ್ಲಿ ವೈನ್ ರುಚಿ ನೋಡುವವರು 22. ಉಳಿದ 24 ಜನರಲ್ಲಿ ಮಕ್ಕಳು, ಕುಡಿಯದ ಗೆಳೆಯ ಗೆಳತಿಯರು, ಊರಿಂದ ಬಂದ ಅಪ್ಪ ಅಮ್ಮಂದಿರು. ಐದು ವೈನರಿ, ಒಂದೊಂದಕ್ಕೆ 45 ನಿಮಿಷ. ಮೂರನೆಯದರಲ್ಲಿ ಒಂದು ಗಂಟೆಗೆ ಊಟ. ಕೊನೆಗೆ ಸಮುದ್ರ. ಶೀಟು ನೋಡೋಕೆ ಬಹಳ ಚೆಂದ ಇತ್ತು, ಬಣ್ಣ ಬೇರೆ ಹಾಕಿದ್ದೆ.

ಅದರಲ್ಲಿ ಒಂದೇ ತಪ್ಪು. 46 ಜನ ಬಸ್ಸಿನಿಂದ ಇಳಿಯೋಕೆ, ಮತ್ತೆ ಹತ್ತೋಕೆ ನಾನು ಇಟ್ಟಿದ್ದ ಸಮಯ ಸೊನ್ನೆ ನಿಮಿಷ!

ನಿಜವಾಗಿ ಇಳಿಯೋಕೆ ಹತ್ತು ನಿಮಿಷ ಹಿಡಿಯಿತು. ಹತ್ತೋಕೆ ಹದಿನೈದು. (ಟಾಯ್ಲೆಟ್ ಸಾಲು, ಫೋಟೋ, "ಅಯ್ಯೋ ಮಗೂದು ಟೋಪಿ ಒಳಗೇ ಬಿಟ್ಟೆ" ಎಲ್ಲ ಸೇರಿ.) ಐದು ನಿಲುಗಡೆಗೆ ಅಲ್ಲೇ ಎರಡು ಗಂಟೆ ಹೋಯಿತು. ನಡುವಿನ ಓಡಾಟಕ್ಕೆ ಇನ್ನೊಂದು ಗಂಟೆ. ಸಾಲದ್ದಕ್ಕೆ ನಾನು ಆರಿಸಿದ್ದು ಲಾಂಗ್ ವೀಕೆಂಡಿನ ಶನಿವಾರ. ಮಾರ್ಚಿನ ಎರಡನೇ ಸೋಮವಾರ ವಿಕ್ಟೋರಿಯಾದಲ್ಲಿ ಲೇಬರ್ ಡೇ ರಜೆ, ಅರ್ಧ ಮೆಲ್ಬರ್ನ್ ಅದೇ ದಾರಿಯಲ್ಲಿ ಸಮುದ್ರಕ್ಕೆ ಹೊರಟಿರುತ್ತೆ. ಒಂದು ಗಂಟೆಯ ಊಟ ಸಿಕ್ಕಿದ್ದು ಮೂರಕ್ಕೆ ಹತ್ತು ನಿಮಿಷ ಇದ್ದಾಗ.

ಆ ದಿನ ಬಸ್ಸಿನಲ್ಲಿ ನನ್ನ ಅಪ್ಪ ಇದ್ದರು. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ಅಪ್ಪನದು ನಾಲ್ಕೆಕರೆ ದ್ರಾಕ್ಷಿ. ಜೀವಮಾನವೆಲ್ಲ ದ್ರಾಕ್ಷಿಯಲ್ಲೇ ಕಳೆದರೂ ವೈನ್ ಮುಟ್ಟಿದವರಲ್ಲ, ನಮ್ಮ ಹಣ್ಣೆಲ್ಲ ಹೋಗೋದು ಒಣದ್ರಾಕ್ಷಿಗೆ. "ನೀವ್ ಹೋಗಿ ಬರ್ರಪಾ, ನಾ ಆ ಅಂಗಡಿ ಮೆಟ್ಟಲ ಹತ್ತಂಗಿಲ್ಲ" ಅಂತ ಮೊದಲನೇ ವೈನರಿಯಲ್ಲೇ ಹೇಳಿಬಿಟ್ಟರು. ಎರಡನೆಯದರಲ್ಲಿ ಬೇಲಿ ಪಕ್ಕ ನಿಂತು ಸಾಲು ನೋಡುತ್ತಿದ್ದರು. ಕೊಯ್ಲಿಗೆ ಬಂದ ಬಳ್ಳಿಗೆಲ್ಲ ಬಿಳೀ ಬಲೆ ಹೊದಿಸಿದ್ದರು. "ಹಕ್ಕಿ ಕಾಟ ಇಲ್ಲೂ ಐತೇನು? ಗಿಡಾ ಯಾಕ ಇಷ್ಟ ಗಿಡ್ಡ ಮಾಡ್ಯಾರ? ಚಾಟ್ನಿ ಯಾವಾಗ ಮಾಡ್ತಾರ?" ಅಂತ ಒಂದೇ ಸಮ ಕೇಳಿದರು. ಚಾಟ್ನಿ ಅಂದರೆ ಬಳ್ಳಿಯ ಕಡ್ಡಿ ಸವರೋದು. ನಾನು ಮೊಬೈಲಿನಲ್ಲಿ ಶೀಟು ನೋಡ್ತಾ, "ಅಪ್ಪಾ, ಟೈಮಿಲ್ಲ, ಹತ್ತು" ಅಂದೆ.

ಮೂರನೇ ವೈನರಿಯ ಹೊರಗೆ ಅಪ್ಪನ ಪಕ್ಕದ ಸೀಟಿನಲ್ಲಿ ಕೂತಿದ್ದವರು ಗೆಳೆಯನೊಬ್ಬನ ತಾಯಿ. ಸಕ್ಕರೆ ಕಾಯಿಲೆ ಇದ್ದವರು. ಬೆಳಿಗ್ಗೆ ಮಾತ್ರೆ ತಗೊಂಡಿದ್ದರು, ಊಟ ಒಂದು ಗಂಟೆಗೆ ಅಂತ ನಂಬಿಕೊಂಡಿದ್ದರು. ಎರಡೂವರೆ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಅಪ್ಪನ ಜೇಬಿನಲ್ಲಿ ಒಂದು ಪೊಟ್ಟಣ ಒಣದ್ರಾಕ್ಷಿ ಇತ್ತು. ಮಿಲ್ಡೂರಾ ಕಡೆಯದು, ನಮ್ಮೂರಿನದಕ್ಕೆ ಹೋಲಿಸಿ ನೋಡೋಕೆ ಅಂತ ಹಿಂದಿನ ದಿನ ಕೊಂಡಿದ್ದರು. ಅದನ್ನು ಅವರ ಕೈಗೆ ಸುರಿದರು. ಡ್ರೈವರ್ ತನ್ನ ಊಟದ ಚೀಲದಿಂದ ಜ್ಯೂಸ್ ತೆಗೆದು ಕುಡಿಸಿದ. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡರು.

ಆಗ ಅವರ ಮಗ ಎಲ್ಲಿದ್ದ? ಒಳಗೆ, ನಾಲ್ಕನೇ ಗ್ಲಾಸು ಮೂರನೆಯದಕ್ಕಿಂತ ಒಳ್ಳೇದೋ ಅಲ್ಲವೋ ಅಂತ ಚರ್ಚೆ ಮಾಡ್ತಿದ್ದ. ಪಕ್ಕದಲ್ಲಿ ನಾನೇ ನಿಂತಿದ್ದೆ. ತಪ್ಪು ವೈನರಿಯದಲ್ಲ, ಬಸ್ಸಿನವರದಲ್ಲ, ಅವನದೂ ಅಲ್ಲ. ಶೀಟು ಮಾಡಿದವನದು.

ಅದಾದ ಮೇಲೆ ನಾನು ಕಲಿತದ್ದು ಇಷ್ಟೇ: ವೈನ್ ಪ್ರವಾಸದ ಪ್ಲಾನು ಕುಡಿಯುವವರಿಂದ ಶುರು ಮಾಡಬಾರದು. ಕುಡಿಯದವರಿಂದ ಶುರು ಮಾಡಬೇಕು. ಕುಡಿಯುವವರಿಗೆ ಆ ದಿನ ಹೇಗಿದ್ದರೂ ಚೆನ್ನಾಗೇ ಇರುತ್ತೆ. ಕುಡಿಯದವರ ದಿನ ಚೆನ್ನಾಗಿರಬೇಕಾದರೆ ಯಾರಾದರೂ ಮುಂಚೆಯೇ ಯೋಚಿಸಿರಬೇಕು.

"ಹಾಗಾದರೆ ಬಸ್ಸೇ ಬೇಡ, ಇಷ್ಟ ಇರೋರು ಕಾರಲ್ಲಿ ಹೋಗೋಣ" ಅಂತ ಒಬ್ಬ ಅಂದ. ಅದಕ್ಕೂ ನಾನು ವಿರೋಧವೇ. ಇಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ 0.05 ಮುಟ್ಟಬಾರದು. ಹೊಸದಾಗಿ ಲೈಸೆನ್ಸ್ ತಗೊಂಡು ಪಿ ಪ್ಲೇಟ್ ಹಾಕಿದವರಿಗೆ ಸೊನ್ನೆ. ಕಾರಿನಲ್ಲಿ ಹೋದರೆ ಕಾರಿಗೊಬ್ಬರು ಕುಡಿಯದೆ ಉಳಿಯಬೇಕು. ಆ ಒಬ್ಬರು ಯಾರಾಗಿರ್ತಾರೆ ಅಂತ ನಮ್ಮ ಪಾರ್ಟಿಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ಹೆಚ್ಚಾಗಿ ಹೆಂಡತಿಯೇ. ಅವಳಿಗೂ ಒಂದು ಗ್ಲಾಸ್ ರುಚಿ ನೋಡೋ ಆಸೆ ಇದೆಯಾ ಅಂತ ಯಾರೂ ಕೇಳಿರಲ್ಲ. ಬಸ್ಸು ಇರೋದೇ ಆ ಕೆಲಸ ಯಾರ ತಲೆಗೂ ಬರಬಾರದು ಅಂತ.

"ಬರೀ ರುಚಿ ನೋಡೋದು ತಾನೇ, ಅದರಲ್ಲೇನಿದೆ?" ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಒಂದು ರುಚಿಗೆ 30 ಮಿಲಿ ಹಾಕ್ತಾರೆ ಅಂದುಕೊಳ್ಳಿ. ಒಂದು ವೈನರಿಯಲ್ಲಿ ಐದು ಬಗೆ, ಅಂದರೆ 150 ಮಿಲಿ. ಐದು ವೈನರಿಗೆ 750 ಮಿಲಿ. ಇಡೀ ಒಂದು ಬಾಟಲಿ ಸ್ವಾಮೀ! ಆಸ್ಟ್ರೇಲಿಯಾದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. 13 ಶೇಕಡಾದ ವೈನ್ 100 ಮಿಲಿ ಕುಡಿದರೆ ಹತ್ತಿರ ಹತ್ತಿರ ಅಷ್ಟಾಗುತ್ತೆ. ಬಾಟಲಿಯಲ್ಲಿ ಅಂಥವು ಏಳೂವರೆ. ಬಲ್ಲವರು ಬಾಯಾಡಿಸಿ ಉಗಿಯಲಿ ಅಂತ ಪಕ್ಕದಲ್ಲೇ ಪಾತ್ರೆ ಇಟ್ಟಿರ್ತಾರೆ. ಆದರೆ ದುಡ್ಡು ಕೊಟ್ಟದ್ದನ್ನು ಉಗಿಯೋದು ನಮ್ಮ ಜಾಯಮಾನದಲ್ಲಿಲ್ಲ. ಹೋದ ವರ್ಷ ನಾಲ್ಕನೇ ವೈನರಿ ಹೊತ್ತಿಗೆ ಕೆಂಪು ಯಾವುದು ಬಿಳಿ ಯಾವುದು ಅಂತ ಕಣ್ಣಲ್ಲಿ ನೋಡಿಯೇ ಹೇಳಬೇಕಿತ್ತು, ನಾಲಿಗೆ ಕೈಕೊಟ್ಟಿತ್ತು. ಹಾಗಾಗಿ ಎರಡೇ ವೈನರಿ ಸಾಕು ಅನ್ನೋದು ಕುಡಿಯುವವರಿಗೆ ನಷ್ಟದ ಮಾತಲ್ಲ.

ಈ ಸಲದ ಶೀಟು ಹೀಗಿದೆ.

ದಿನ: ಮಾರ್ಚ್ ಕೊನೆಯ ಭಾಗದ ಶನಿವಾರ. ರಜೆಯ ವಾರ ಬೇಡ. ತಿಂಗಳ ಮೊದಲ ಶನಿವಾರವೂ ಬೇಡ, ಅವತ್ತು ರೆಡ್ ಹಿಲ್‌ನಲ್ಲಿ ಸಂತೆ, ಆ ಸಣ್ಣ ರಸ್ತೆಗಳಲ್ಲಿ ಬಸ್ಸು ನುಗ್ಗೋದು ಕಷ್ಟ.

ಬೆಳಿಗ್ಗೆ 8: ಹೊರಡೋದು. ಸ್ವೆಟರ್ ಎಲ್ಲರೂ ತರಬೇಕು, ಗುಡ್ಡದ ಮೇಲೆ ಗಾಳಿ ಜೋರು.

10: ಸಮುದ್ರ ಮತ್ತು ಗುಡ್ಡ ಮೊದಲು. ಡ್ರೊಮಾನಾದಿಂದ ಆರ್ಥರ್ಸ್ ಸೀಟ್ ತುದಿಗೆ ಹೋಗುವ ಗಂಡೋಲಾ 2016ರ ಡಿಸೆಂಬರಿನಲ್ಲಿ ಶುರುವಾದದ್ದು. 300 ಮೀಟರಿಗೂ ಎತ್ತರದ ಗುಡ್ಡಕ್ಕೆ ಮುಚ್ಚಿದ ತೊಟ್ಟಿಲಲ್ಲಿ ಕೂತು ಹೋಗಬಹುದು, ಮಂಡಿ ನೋವಿನವರಿಗೂ ತೊಂದರೆಯಿಲ್ಲ. ಕೇಪ್ ಶಾಂಕ್ ನನಗೆ ಬಹಳ ಇಷ್ಟ, 1859ರ ದೀಪಸ್ತಂಭ ಇದೆ. ಆದರೆ ಕೆಳಗಿನ ಬಂಡೆಗಳವರೆಗೆ ಮೆಟ್ಟಿಲು ಇಳಿದು ಹತ್ತೋದು ಹಿರಿಯರಿಗೆ ಆಗಲ್ಲ, ಬಿಟ್ಟೆ.

12: ಊಟ, ಡ್ರೊಮಾನಾ ಸಮುದ್ರ ದಂಡೆಯ ಹುಲ್ಲಿನ ಮೇಲೆ. ಊಟ ನಮ್ಮದೇ. ಪುಳಿಯೋಗರೆ, ಚಪಾತಿ ಪಲ್ಯ, ಮೊಸರನ್ನ. ವೈನರಿ ಊಟದಲ್ಲಿ ಸಸ್ಯಾಹಾರಿಗಳ ಪಾಲಿಗೆ ಏನು ಬರುತ್ತೆ ಅಂತ ಹೋದ ಸಲ ನೋಡಿದ್ದೀವಿ. ಮುಖ್ಯವಾದ್ದು, ಊಟ ಆದ ಮೇಲೇ ವೈನ್. ಖಾಲಿ ಹೊಟ್ಟೆಗೆ ಹತ್ತೂವರೆಗೆ ಗ್ಲಾಸ್ ಹಿಡಿಯೋದು ಬೇಡ. ಏನೇ ಆಗಲಿ, ಈ 12 ಮಾತ್ರ ಅಲುಗಾಡಲ್ಲ.

1.45: ವೈನರಿ ಒಂದು. 46 ಜನ ಒಟ್ಟಿಗೆ ನುಗ್ಗೋದಲ್ಲ. ಬಹಳಷ್ಟು ವೈನರಿಗಳು ಬಸ್ಸಿನ ಗುಂಪನ್ನು ಮುಂಚೆ ಹೇಳದಿದ್ದರೆ ಸೇರಿಸಿಕೊಳ್ಳಲ್ಲ. ಫೋನ್ ಮಾಡಿ ಮೂರು ವಿಷಯ ಕೇಳಬೇಕು: ಎಷ್ಟು ಜನಕ್ಕೆ ಜಾಗ, ಹನ್ನೆರಡು ಮೀಟರ್ ಉದ್ದದ ಬಸ್ಸು ಒಳಗೆ ತಿರುಗುತ್ತಾ, ಟಾಯ್ಲೆಟ್ ಎಷ್ಟು. ಅದೇ ಹೊತ್ತಿಗೆ ಬಸ್ಸು ಉಳಿದವರನ್ನು ಮೇನ್ ರಿಡ್ಜ್ ಕಡೆ ಸ್ಟ್ರಾಬೆರಿ ತೋಟಕ್ಕೆ ಬಿಟ್ಟು ಬರುತ್ತೆ. ಸ್ಟ್ರಾಬೆರಿ ಕಾಲ ಏಪ್ರಿಲ್‌ವರೆಗೂ ಇರುತ್ತೆ, ಮಕ್ಕಳು ಅವರೇ ಕಿತ್ತು ತಿನ್ನಬಹುದು.

3.30: ವೈನರಿ ಎರಡು, ಎಲ್ಲರೂ ಸೇರಿ. ಕುಡಿಯುವವರು ಒಳಗೆ. ಉಳಿದವರಿಗೆ ದ್ರಾಕ್ಷಿ ತೋಟದಲ್ಲಿ ಅರ್ಧ ಗಂಟೆ ನಡಿಗೆ, ತೋಟದವರೇ ಜೊತೆಗೆ ಬಂದು ತೋರಿಸ್ತಾರೆ. ಇದಕ್ಕೆ ಒಪ್ಪುವ ವೈನರಿ ಸಿಕ್ಕಿದ್ದು ಐದನೇ ಫೋನಿಗೆ.

5: ವಾಪಸ್. ಏಳರ ಒಳಗೆ ಮನೆ.

ಡ್ರೈವರ್ ವಿಷಯ ನಾವು ಮರೆತೇಬಿಡ್ತೀವಿ. ಇಲ್ಲಿನ ಭಾರೀ ವಾಹನಗಳ ಸಾಮಾನ್ಯ ನಿಯಮದ ಪ್ರಕಾರ ಒಬ್ಬನೇ ಡ್ರೈವರ್ 24 ಗಂಟೆಯಲ್ಲಿ 12 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ನಡುವೆ ವಿಶ್ರಾಂತಿಯೂ ಕಡ್ಡಾಯ. ಅವನ ದಿನ ಶುರುವಾಗೋದು ನಮ್ಮ ಮನೆ ಮುಂದೆ ಅಲ್ಲ, ಡಿಪೋದಲ್ಲಿ. ಹೋದ ವರ್ಷ ಅವನನ್ನು ಆ ಗಡಿಯ ಹತ್ತಿರಕ್ಕೆ ಒಯ್ದಿದ್ದೆ. ತನ್ನ ಜ್ಯೂಸ್ ಕೊಟ್ಟ ಮನುಷ್ಯ ಅವನು.

ಇನ್ನು ದುಡ್ಡು. ಹೋದ ಸಲ ಎಲ್ಲವನ್ನೂ ತಲೆಗೆ ಸಮನಾಗಿ ಹಂಚಿದ್ದೆ. ಅಂದರೆ ಬಸ್ಸಿನಲ್ಲಿ ಕೂತಿದ್ದ ನಮ್ಮಪ್ಪನೂ ನನ್ನ ಪಿನೋ ನ್ವಾರ್‌ಗೆ ದುಡ್ಡು ಕೊಟ್ಟ ಹಾಗಾಯಿತು. ಈ ಸಲ ಬಸ್ಸು ಮತ್ತು ಊಟ ಎಲ್ಲರಿಗೂ ಸಮ. ಗಂಡೋಲಾ, ಸ್ಟ್ರಾಬೆರಿ, ವೈನ್ ಅವರವರದ್ದು. "ಹೀಗೆ ಮಾಡಿದರೆ ಗುಂಪು ಎರಡಾಗುತ್ತೆ" ಅಂತ ಒಬ್ಬರು ಬೇಜಾರು ಮಾಡಿಕೊಂಡರು. ಗುಂಪು ಹೋದ ವರ್ಷವೇ ಎರಡಾಗಿತ್ತು ಸಾರ್. ಒಂದು ಒಳಗೆ, ಇನ್ನೊಂದು ಬಸ್ಸಿನಲ್ಲಿ. ನಮಗೆ ಕಾಣಿಸಲಿಲ್ಲ ಅಷ್ಟೇ.

ಮೈಸೂರಿನ ಗೆಳೆಯ ಅಂತೂ ನೇರವಾಗೇ ಕೇಳಿದ, "ಗುರೂ, ವೈನ್ ಟೂರ್ ಅಂತ ಕರ್ಕೊಂಡೋಗಿ ಸ್ಟ್ರಾಬೆರಿ ಕೀಳಿಸ್ತೀಯಾ?" ಅವನ ಮಾತಲ್ಲೂ ಅರ್ಥ ಇದೆ. ಬರೀ ವೈನ್‌ಗೆ ಅಂತಲೇ ಹೋಗಬೇಕಾದರೆ ಎಂಟು ಜನ ಸೇರಿ ಡ್ರೈವರ್ ಇರೋ ಸಣ್ಣ ವ್ಯಾನ್ ಮಾಡಿಕೊಂಡು ಹೋಗೋಣ, ನಾನೂ ಬರ್ತೀನಿ. ಆದರೆ 46 ಜನರ ಬಸ್ಸು ಅಂದಮೇಲೆ ಅದು ವೈನ್ ಟೂರ್ ಅಲ್ಲ. ಅಜ್ಜಿ, ಮಗು, ಸಕ್ಕರೆ ಮಾತ್ರೆ ಎಲ್ಲ ಇರೋ ಸಂಸಾರದ ಪ್ರವಾಸ, ಅದರಲ್ಲಿ ವೈನೂ ಒಂದು.

ಆ ತಾಯಿ ಈ ಸಲವೂ ಬರ್ತಾರಂತೆ. "ಊಟ ಹನ್ನೆರಡಕ್ಕೇ ತಾನೇ?" ಅಂತ ಎರಡು ಸಲ ಕೇಳಿದರು. ಅಪ್ಪ ಬರಲ್ಲ, ಊರಲ್ಲಿ ಕೊಯ್ಲಿನ ಸಮಯ. ಮೊನ್ನೆ ಫೋನಿನಲ್ಲಿ ತೋಟದ ನಡಿಗೆ ವಿಷಯ ಹೇಳಿದೆ. ನಮ್ಮ ಕಡೆ ಬಳ್ಳಿ ಮಲಗೋದೇ ಇಲ್ಲ, ಏಪ್ರಿಲ್ಲಿಗೊಂದು ಅಕ್ಟೋಬರಿಗೊಂದು ಅಂತ ವರ್ಷಕ್ಕೆ ಎರಡು ಚಾಟ್ನಿ. ಇಲ್ಲಿ ಚಳಿಗೆ ಎಲೆಯೆಲ್ಲ ಉದುರಿ ಬಳ್ಳಿ ಮಲಗುತ್ತೆ, ಆಗ ಒಂದೇ ಸಲ ಸವರ್ತಾರೆ ಅಂತ ನಾನೇ ಓದಿ ತಿಳಿಕೊಂಡದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಕಡ್ಡಿಗೆ ಎಷ್ಟ ಕಣ್ಣ ಬಿಡ್ತಾರ? ಈ ಸಲರೆ ಕೇಳ್ಕೊಂಡ ಬಾ" ಅಂದರು.

ಅದನ್ನು ಶೀಟಿನಲ್ಲಿ 3.30ರ ಎದುರಿಗೆ ಬರೆದಿಟ್ಟಿದ್ದೀನಿ.

ಎರಡು ವೈನರಿ ಕಡಿಮೆಯಾಯ್ತು ಅನ್ನುವವರು ಈಗಲೇ ಹೇಳಿ, ಬಸ್ಸಿಗೆ ಮುಂಗಡ ಕೊಡೋದು ಬರೋ ವಾರ. ನೀವೇನಂತೀರಿ?